ಗೇರ್ ಎಣ್ಣೆಯಲ್ಲಿ ಮರದ ಹೊಟ್ಟು

ಜನವರಿ 9

ನಮ್ಮ ಗಾಡಿ ಡಾಕ್ಟ್ರಿಗೆ,

ಬೈಬೇಡ, ಮೊದಲೇ ಹೇಳಿಬಿಡ್ತೀನಿ. ನಿಮ್ಮಣ್ಣನ ಕಾರಿನ ಗೇರ್‌ಬಾಕ್ಸಿನಲ್ಲಿದ್ದ ಎಣ್ಣೆಯನ್ನೆಲ್ಲ ಹೊರಗೆ ಬಿಟ್ಟುಬಿಟ್ಟಿದ್ದೀನಿ. ಈಗ ಹೊಸದು ಹಾಕೋಣ ಅಂದ್ರೆ ದಾರಿ ಇಲ್ಲ.

ಆಗಿದ್ದು ಇಷ್ಟು. ಭಾನುವಾರ ಹೊಲಿಗೆ ಅಂಗಡಿ ಮುಚ್ಚಿತ್ತು. ಶೆಡ್ಡಿನ ಬಾಗಿಲು ತೆಗೆದೆ. ನಿಮ್ಮಣ್ಣ ಹೋಗಿ ವರ್ಷ ಆಗ್ತಾ ಬಂತು, ಅವರ ಕಾರು, ನಮ್ಮ ಮುದುಕಿ, ಅಲ್ಲೇ ಧೂಳು ಹೊದ್ದುಕೊಂಡು ನಿಂತಿದ್ದಾಳೆ. ನಾನು ಕಾರು ಓಡಿಸೋದು ಕಲಿತೆ, ನಿನಗೆ ಗೊತ್ತಿಲ್ಲ. ಕಲಿಸಿದವನಿಗೆ ಬೆವರು ಕಿತ್ತುಕೊಂಡು ಬಂತು, ಆದ್ರೂ ಲೈಸೆನ್ಸ್ ಕೈಗೆ ಬಂತು. ರಸ್ತೆಗೆ ಇಳಿಸೋ ಮುಂಚೆ ಗೇರ್ ಎಣ್ಣೆ ಬದಲಾಯಿಸಬೇಕು ಅಂತ ನಿಮ್ಮಣ್ಣ ಹೇಳ್ತಿದ್ದುದು ನೆನಪಿತ್ತು. ಹಳೇ ಚಾಪೆ ಹಾಸಿ ಕೆಳಗೆ ತೂರಿದೆ. ಗೇರ್‌ಬಾಕ್ಸಿನ ತಳದಲ್ಲಿ ಒಂದು ಪ್ಲಗ್ ಕಂಡಿತು, ತಿರುಗಿಸಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಕರ್ರಗೆ, ಜೇನುತುಪ್ಪ ಇಳಿದ ಹಾಗೆ ನಿಧಾನಕ್ಕೆ ಇಳೀತು. ಅರ್ಧ ಗಂಟೆ ಅದನ್ನೇ ನೋಡ್ತಾ ಮಲಗಿದ್ದೆ. ಇಷ್ಟು ಮಂದ ಎಣ್ಣೆ ಒಳಗೆ ಇಟ್ಟುಕೊಂಡು ಅದು ಹೇಗಪ್ಪಾ ತಿರುಗ್ತಿತ್ತು ಅಂತ ಆಶ್ಚರ್ಯ.

ಹೊಸದು ಹಾಕೋ ಪ್ಲಗ್ ಪಕ್ಕದಲ್ಲಿದೆ. ಅದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಸ್ಪ್ಯಾನರ್ ಜಾರಿ ಗೆಣ್ಣು ತರಚಿಹೋಯ್ತು. ಇನ್ನೊಂದು ಪ್ರಶ್ನೆ, ನನ್ನ ಹೊಲಿಗೆ ಮಷೀನಿಗೆ ಹಾಕೋ ಎಣ್ಣೆ ಒಂದು ಡಬ್ಬಿ ಪೂರ್ತಿ ಇದೆ. ಅದಾಗಲ್ವಾ?

ಫೋನ್ ಮಾಡಿದ್ರೆ ನೀನು ಎತ್ತಲ್ಲ. ವರ್ಷಕ್ಕೊಂದು ಸಲ ಹಡಗಿನಿಂದ ಇಳಿದು ನೆಟ್ಟಗೆ ಇಲ್ಲಿಗೆ ಬರ್ತಿದ್ದೋನು, ಆರು ವರ್ಷ ಆಯ್ತು, ಈ ಮನೇಲಿ ಒಂದು ತುತ್ತು ತಿಂದಿಲ್ಲ. ಅಣ್ಣ ತೀರಿಕೊಂಡಾಗ ಬಂದೆ, ಮೂಲೇಲಿ ನಿಂತೆ, ಯಾರೇನು ಕೇಳಿದ್ರೂ ತಲೆಯಾಡಿಸಿದೆ, ಹೊರಟುಹೋದೆ. ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ನೀನು ಮೊದಲಿನ ಹಾಗೆ ಈ ಮನೆಗೆ ಬಂದುಹೋಗಬೇಕು, ನನಗೆ ಬೇಕಾಗಿರೋದು ಅಷ್ಟೇ. ಅದಾಗದಿದ್ರೆ ಎಣ್ಣೆ ಹೇಗೆ ಹಾಕೋದು ಅಂತಾದ್ರೂ ಬರಿ.

ನಿನ್ನ ಅತ್ತಿಗೆ


ಜನವರಿ 21

ಅತ್ತಿಗೆಗೆ ನಮಸ್ಕಾರ.

ಬೈಬೇಡ ಅಂದಿದ್ದೀರಿ. ಅದಕ್ಕೇ ನಾಲ್ಕು ದಿನ ತಡೆದು ಬರೀತಿದ್ದೀನಿ. ಹಾಕೋ ಬಾಯಿ ಬಿಚ್ಚುತ್ತೆ ಅಂತ ಗ್ಯಾರಂಟಿ ಆದಮೇಲೇ ಬಿಡೋ ಬಾಯಿಗೆ ಕೈ ಹಾಕಬೇಕು. ಇದು ಮೊದಲ ಪಾಠ. ಹಡಗಿನ ಎಂಜಿನ್ ರೂಮಿನಲ್ಲಿ ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಸಮುದ್ರಕ್ಕೆ ಎಸೀತಿದ್ದೆ. ನೀವು ಅತ್ತಿಗೆಯಾದ್ದರಿಂದ ಬಚಾವಾದಿರಿ.

ಹೊಲಿಗೆ ಮಷೀನಿನ ಎಣ್ಣೆ ಅಂತೆ! ಅತ್ತಿಗೆ, ಅದು ಹಾಕೋದೂ ನೀರು ಹಾಕೋದೂ ಒಂದೇ. ಸೂಜಿಗೆ ಭಾರ ಎಲ್ಲಿದೆ? ಇಲ್ಲಿ ಇಡೀ ಗಾಡಿಯ ಭಾರ ಹಲ್ಲಿನ ಮೇಲೆ ಹಲ್ಲು ಒತ್ತುತ್ತೆ. ಆ ಎರಡು ಹಲ್ಲಿನ ನಡುವೆ ಅಂಟಿಕೊಂಡು ಕೂರೋ ಎಣ್ಣೆ ಬೇಕು. ಡಬ್ಬಿಯ ಮೇಲೆ 140 ಅಂತ ಇರಲಿ. ಅಂಗಡಿಯವನು ಹೊಸ ಕಾರುಗಳದ್ದು ಕೊಡೋಕೆ ನೋಡ್ತಾನೆ, ತಗೋಬೇಡಿ. ಅದರಲ್ಲಿರೋ ಗಂಧಕ ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ಬುಷ್ಷುಗಳನ್ನ ತಿಂದುಹಾಕುತ್ತೆ. ಹಿತ್ತಾಳೆಗೆ ತೊಂದರೆ ಕೊಡದಿರೋದು ಬೇಕು ಅಂತ ಬಾಯಿಬಿಟ್ಟು ಕೇಳಿ.

ಪ್ಲಗ್ಗಿನ ತಲೆ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕೇಟು ಹಾಕಿ. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿ. ಸ್ಪ್ಯಾನರಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಎಳೀರಿ. ಡಬ್ಬಿಯನ್ನ ಬಿಸಿನೀರಿನಲ್ಲಿ ಕೂರಿಸಿದ್ರೆ ಎಣ್ಣೆ ಸ್ವಲ್ಪ ಸಡಿಲವಾಗುತ್ತೆ, ಲಾಳಿಕೆಗೆ ರಬ್ಬರ್ ಪೈಪ್ ಕಟ್ಟಿ ಇಳಿಸಿ. ತೂತಿನ ಅಂಚಿಗೆ ಬಂದು ತುಳುಕಿದ್ರೆ ಸಾಕು. ಹಿಂದುಗಡೆ ಚಕ್ರಗಳ ನಡುವೆ ಗುಂಡಗಿರೋ ಡಿಫರೆನ್ಷಿಯಲ್‌ಗೂ ಇದೇ ಕ್ರಮ. ಅಲ್ಲಿ ಆಸೆಬಿದ್ದು ಜಾಸ್ತಿ ಹಾಕಿದ್ರೆ ಎಣ್ಣೆ ಆಕ್ಸಲ್ ಹಿಡಿದು ಹೋಗಿ ಬ್ರೇಕಿಗೆ ಸೇರುತ್ತೆ.

ಓಡಿಸಿದ ಮೇಲೆ ಸದ್ದು ಹೇಗಿದೆ ಬರೀರಿ. ‘ಚೆನ್ನಾಗಿದೆ’ ಅಂತ ಬರೆದ್ರೆ ಉತ್ತರ ಬರೆಯೋದಿಲ್ಲ. ಬಾಯಲ್ಲಿ ಆ ಸದ್ದು ಮಾಡಿ, ಅದನ್ನೇ ಬರೀರಿ.

ಬರೋ ಮಾತು ಈಗ ಬೇಡ. ಮಂಡಿ ನೋವು. ನಿಮ್ಮ ಬೀದಿಯಲ್ಲೇ ಮೆಕ್ಯಾನಿಕ್ ಇದ್ದಾನಲ್ಲ, ಅವನನ್ನ ಯಾಕೆ ಕೇಳಲಿಲ್ಲ?

ನಿಮ್ಮ ಮೈದುನ


ಫೆಬ್ರವರಿ 12

ಡಾಕ್ಟ್ರೇ,

ಬೀದಿ ಮೆಕ್ಯಾನಿಕ್ ನನ್ನ ಮೈದುನ ಅಲ್ಲ, ಅದಕ್ಕೆ ಕೇಳಲಿಲ್ಲ. ಮಂಡಿ ನೋವಿದ್ದೋರು ರೈಲಿನಲ್ಲಿ ಕೂತ್ಕೊಂಡು ಬರ್ತಾರೆ, ಯಾರೂ ನಡೆದು ಬಾ ಅಂತಿಲ್ಲ.

ಪ್ಲಗ್ ಬಂತು! ಸುತ್ತಿಗೆ, ಸೀಮೆಎಣ್ಣೆ, ಪೈಪು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಸೀಮೆಎಣ್ಣೆ ಎಲ್ಲ ಚೆನ್ನಾಗಿ ಒರೆಸಿ, ಅಂಗಡಿಯಿಂದ ಇಸ್ತ್ರಿ ಪೆಟ್ಟಿಗೆ ತಂದು, ಕಾದ ಮೂತಿಯನ್ನ ಪ್ಲಗ್ಗಿನ ಸುತ್ತ ಒತ್ತಿ ಹಿಡಿದೆ. ಕಾಲರ್ ಕೂರಿಸೋ ಹಾಗೆ, ಅವಸರ ಇಲ್ಲದೆ. ಆಮೇಲೆ ಪೈಪ್ ಹಾಕಿ ಎಳೆದ್ರೆ ‘ಕಟ್’ ಅಂದು ಬಿಟ್ಟುಕೊಂಡಿತು. ನಾನು ಹಿಂದಕ್ಕೆ ಮಗುಚಿಬಿದ್ದೆ. ಇಸ್ತ್ರಿ ಪೆಟ್ಟಿಗೆಗೆ ಅಂಟಿದ ಎಣ್ಣೆ ಇನ್ನೂ ಪೂರ್ತಿ ಹೋಗಿಲ್ಲ. ಒಂದು ಗಿರಾಕಿಯ ಬಿಳಿ ಶರ್ಟಿನ ಬೆನ್ನಿನ ಮೇಲೆ ಗುರುತು ಬಿತ್ತು. ಹೊಸ ಬಟ್ಟೆ ತಂದು ಹೊಲಿದುಕೊಟ್ಟೆ, ಇರಲಿ ಬಿಡು.

ಗೇರ್‌ಬಾಕ್ಸಿಗೆ ಎಣ್ಣೆ ಹಾಕಿದೆ. ತೂತಿನೊಳಗೆ ಬೆರಳು ಇಟ್ಟುಕೊಂಡೇ ಕಾದೆ, ಬೆಚ್ಚಗೆ ಬಂದು ಬೆರಳಿಗೆ ತಾಗಿತು. ನನಗಾದ ಖುಷಿ ಯಾರಿಗೆ ಹೇಳಲಿ? ಎಂಜಿನ್ ಚಾಲೂ ಮಾಡಿ, ಕ್ಲಚ್ ಒತ್ತಿ ಒಂದೊಂದೇ ಗೇರು ಹಾಕಿ ನೋಡಿದೆ. ಮೊದಲು ‘ಗರಕ್’ ಅಂತಿದ್ದದ್ದು ಈಗ ‘ಳಕ್’ ಅನ್ನುತ್ತೆ. ನೀನು ಬರೆಯೋಕೆ ಹೇಳಿದ್ದೆ, ಬರೆದಿದ್ದೀನಿ. ನಗಬೇಡ.

ಈಗ ವಿಚಿತ್ರ ಕೇಳು. ಡಿಫರೆನ್ಷಿಯಲ್‌ದು, ನೀನು ಹೇಳಿದ ಹಾಗೆ ಮೇಲಿನ ಬಾಯಿ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು ಬಿಟ್ಟೆ. ಎಣ್ಣೆ ಇಳೀತು, ಆದ್ರೆ ಗಂಜಿಯ ಹಾಗೆ ಗಟ್ಟಿ. ಬೆರಳಿನಲ್ಲಿ ಉಜ್ಜಿದ್ರೆ ತರಿತರಿ. ಲೋಹದ ಚೂರೇ ಇರಬೇಕು ಅಂದ್ಕೊಂಡೆ. ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆ ಮೇಲೆ ಹರಡಿ ಬೆಳಕಿಗೆ ಹಿಡಿದೆ. ಮರದ ಹೊಟ್ಟು ಕಣೋ! ಗರಗಸದಿಂದ ಉದುರುತ್ತಲ್ಲ, ಅದೇ. ನಿಮ್ಮಣ್ಣನ ಫೋಟೋ ಫ್ರೇಮ್ ಅಂಗಡಿಯಲ್ಲಿ ಜೀವಮಾನವೆಲ್ಲ ಗುಡಿಸಿದೋಳು ನಾನು, ಗೊತ್ತಾಗಲ್ವಾ? ಒಂದೆರಡು ಚಿಟಿಕೆ ಅಲ್ಲ, ಬೊಗಸೆ ತುಂಬ ಇತ್ತು.

ಯಾರು ಹಾಕಿದ್ರು? ಯಾಕೆ? ತಾನಾಗೇ ಬೀಳೋ ಜಾಗ ಅಲ್ಲ ಅದು. ರಾತ್ರಿ ನಿದ್ದೆ ಬರ್ತಿಲ್ಲ, ಬೇಗ ಬರಿ.

ನಿನ್ನ ಅತ್ತಿಗೆ


ಫೆಬ್ರವರಿ 18

ಅತ್ತಿಗೆಗೆ,

ಮರದ ಹೊಟ್ಟಾ? ಸರಿಯಾಗಿ ನೋಡಿದ್ದೀರಾ?

ಅದು ಕಳ್ಳ ದಲ್ಲಾಳಿಗಳ ಕೆಲಸ. ಹಲ್ಲು ಸವೆದ ಡಿಫರೆನ್ಷಿಯಲ್ ಕೂಗುತ್ತೆ. ಮಾರೋ ದಿನ ಅದರೊಳಗೆ ಹೊಟ್ಟು ತುಂಬಿದ್ರೆ ಹಲ್ಲಿನ ಸಂದಿಯಲ್ಲಿ ಮೆತ್ತೆಯ ಹಾಗೆ ಕೂತು ಬಾಯಿ ಮುಚ್ಚಿಸುತ್ತೆ. ಕೊಂಡವನು ಒಂದಷ್ಟು ದಿನ ಖುಷಿಯಾಗಿರ್ತಾನೆ, ಆಮೇಲೆ ಬೇರಿಂಗ್ ಹಾಳಾಗಿ ತಲೆ ಮೇಲೆ ಕೈ ಹೊತ್ತು ಕೂರ್ತಾನೆ. ಆದರೆ ಅಣ್ಣ ಈ ಗಾಡಿ ಮಾರೋ ಮಾತು ಕನಸಿನಲ್ಲೂ ಆಡಿದವನಲ್ಲ. ಮೋಸ ಅವನ ಜಾಯಮಾನದಲ್ಲೇ ಇರಲಿಲ್ಲ.

ಕೊಂಡಾಗಲೇ ಇತ್ತು ಅನ್ನೋ ಹಾಗೂ ಇಲ್ಲ. ಆರು ವರ್ಷದ ಹಿಂದೆ ನಾನು ರಜೆಗೆ ಬಂದಾಗ ಆ ಎಣ್ಣೆ ಬದಲಾಯಿಸಿದ್ದು ನಾನೇ. ಒಳಗೆ ಕನ್ನಡಿಯ ಹಾಗೆ ಶುಚಿಯಾಗಿತ್ತು. ಮಾರನೇ ದಿನ ಎಲ್ಲರೂ ಕೂತು ಸುತ್ತಾಡಿ ಬಂದೆವು. ಹಿಂದುಗಡೆಯಿಂದ ಒಂದು ಚೂರೂ ಸದ್ದಿರಲಿಲ್ಲ. ‘ಮಗು ಮಲಗಿದ ಹಾಗಿದೆ’ ಅಂತ ನಾನೇ ಎಲ್ಲರ ಮುಂದೆ ಹೇಳಿದ್ದೆ, ನೆನಪಿರಬೇಕು ನಿಮಗೆ. ಸದ್ದೇ ಇಲ್ಲದ್ದಕ್ಕೆ ಹೊಟ್ಟು ಹಾಕಿ ಬಾಯಿ ಮುಚ್ಚಿಸೋ ಹುಚ್ಚ ಯಾರು? ನನಗೂ ತಲೆ ಕೆಟ್ಟಿದೆ.

ಹಿಂದಿನ ಎರಡೂ ಚಕ್ರ ಜಾಕ್ ಮೇಲೆ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಒಳಗೆ ಸೀಮೆಎಣ್ಣೆ ಹಾಕಿ ಚಕ್ರ ಕೈಯಲ್ಲೇ ತಿರುಗಿಸಿ, ಬಿಡಿ. ಹೊಟ್ಟು ಬರೋದು ನಿಲ್ಲೋವರೆಗೂ ಹೀಗೇ ಮಾಡಿ. ಒಣಗಿದ ಮೇಲೆ ಹೊಸ ಎಣ್ಣೆ. ಓಡಿಸಿ, ಸದ್ದು ಬರೀರಿ. ಎಳೆಯುವಾಗ ಹೇಗೆ, ಕಾಲು ತೆಗೆದಾಗ ಹೇಗೆ, ಎರಡೂ ಬೇರೆ ಬೇರೆ ಬೇಕು.

ಇನ್ನೊಂದು. ಶೆಡ್ಡಿನ ಬಾಗಿಲು ಈಗಲೂ ಕಿರುಗುಡುತ್ತಾ? ಹೇಗೆ? ಸುಮ್ಮನೆ ಕೇಳಿದೆ.

ನಿಮ್ಮ ಮೈದುನ


ಮಾರ್ಚ್ 16

ಡಾಕ್ಟ್ರೇ,

ಬಾಗಿಲು ‘ಕಿಂಯ್ಯ್ಯ್’ ಅಂದು ಕೊನೇಲಿ ‘ಡಬ್’ ಅನ್ನುತ್ತೆ, ಮೊದಲಿನ ಹಾಗೇ. ನೀನು ಅದನ್ನ ಕೇಳಿದ್ದು ಓದಿ ನಗು ಬಂತು. ಆಮೇಲೆ ನಗು ನಿಂತುಹೋಯ್ತು. ಯಾಕೆ ಅಂತ ಹೇಳ್ತೀನಿ.

ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ತೋಳು ಸೋತುಹೋಯ್ತು. ಹೊಸ ಎಣ್ಣೆ ಹಾಕಿದೆ, ತುಳುಕಿದ ಕೂಡಲೇ ನಿಲ್ಲಿಸಿದೆ. ಮಗಳು ಅಳಿಯ ಬಂದಿದ್ರು. ‘ಅಮ್ಮ ಓಡಿಸ್ತಾಳಾ!’ ಅಂತ ಇಬ್ಬರೂ ಮುಖ ಮುಖ ನೋಡಿಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು ಹಿಂದೆ ಹತ್ತಿದ್ರು. ದೊಡ್ಡ ರಸ್ತೆಗೆ ಬಂದು ಟಾಪ್ ಗೇರಿಗೆ ಹಾಕಿದ್ದೇ ತಡ, ಕೂಗೋಕೆ ಶುರು! ‘ಊಂಂಂ’ ಅಂತ ಎದ್ದು, ವೇಗ ಹೆಚ್ಚಿದ ಹಾಗೆಲ್ಲ ಸಣ್ಣಗಾಗ್ತಾ ‘ಈಂಂಂ’ ಅಂತ ಏರುತ್ತೆ. ಕಾಲು ತೆಗೆದ್ರೆ ತಟ್ಟನೆ ನಿಲ್ಲುತ್ತೆ. ಒತ್ತಿದ್ರೆ ಮತ್ತೆ ‘ಈಂಂಂ’. ಅಳಿಯ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಕೂತ.

ಕನ್ನಡಿಯಲ್ಲಿ ಅವನನ್ನ ನೋಡಿದ ತಕ್ಷಣ ನನಗೆ ನೆನಪಾಯ್ತು. ಆ ಸಲ ನಾವೆಲ್ಲ ಸುತ್ತಾಡೋಕೆ ಹೋದಾಗಲೂ ಅವನು ಹೀಗೇ ಕೂತಿದ್ದ. ಇದೇ ಸದ್ದು, ಇದೇ ‘ಈಂಂಂ’. ಮುಂದಿನ ಸೀಟಿನಲ್ಲಿ ಕೂತ ನೀನು ಕಣ್ಣು ಮುಚ್ಚಿ ಕೇಳಿಸಿಕೊಂಡು, ಮಗು ಮಲಗಿದ ಹಾಗಿದೆ ಅಂದೆ. ಅಳಿಯ ಕಿಸಕ್ಕೆಂದ. ನೀನು ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ ನಾನು. ನಿಮ್ಮಣ್ಣ ಮಾತ್ರ ನಗಲಿಲ್ಲ. ‘ಹೌದು, ಸದ್ದಿಲ್ಲ’ ಅಂದ್ರು, ಅಷ್ಟೇ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ. ಆ ಸಲುಗೆಯಿಂದ ಕೇಳ್ತೀನಿ. ಅವತ್ತು ನಿನಗೆ ಕೇಳಿಸಲೇ ಇಲ್ವಾ? ಈಗಲೂ ಕೇಳಿಸಲ್ವಾ? ಫೋನ್ ಎತ್ತದೇ ಇರೋದು ಅದಕ್ಕೇನಾ?

ನಿನ್ನ ಅತ್ತಿಗೆ


ಏಪ್ರಿಲ್ 10

ಸಿಟ್ಟು ಬಂತೇನೋ. ಬರಲಿ, ಆದ್ರೆ ಬರಿ. ಸುಮ್ಮನಿರಬೇಡ. ಸುಮ್ಮನಿದ್ದೇ ಆರು ವರ್ಷ ಹೋಯ್ತು.

ಅತ್ತಿಗೆ


ಏಪ್ರಿಲ್ 27

ಅತ್ತಿಗೆ,

ಸಿಟ್ಟು ಬಂದಿತ್ತು. ಈಗ ಇಲ್ಲ.

ಹೌದು, ಕೇಳಿಸೋದಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ, ಹತ್ತಿರ ಬಂದು ಕೂಗಿದ್ರೆ, ಏನೋ ಅಂದ್ರು ಅಂತ ಮಾತ್ರ ಗೊತ್ತಾಗುತ್ತೆ. ಮಂಡಿ ನೋವು ಅಂದಿದ್ದು ಸುಳ್ಳು, ಅದು ಕಲ್ಲಿನ ಹಾಗೆ ಗಟ್ಟಿಯಾಗಿದೆ.

ಎಂಜಿನ್ ರೂಮಿನ ಕೆಲಸ ಅದು. ಅಲ್ಲಿ ಕಿವಿ ಒಂದೇ ಸಲ ಹೋಗೋದಿಲ್ಲ ಅತ್ತಿಗೆ. ಸಣ್ಣ ದನಿಗಳು ಮೊದಲು ಹೋಗ್ತವೆ. ಹಕ್ಕಿ, ಸಿಳ್ಳೆ, ಮಕ್ಕಳ ಮಾತು. ದಪ್ಪ ಸದ್ದೆಲ್ಲ ಕೇಳಿಸ್ತಾ ಇರುತ್ತೆ, ಅದರಿಂದ ಹೋಗಿದ್ದೇ ತಿಳಿಯೋದಿಲ್ಲ. ನೀವು ಬರೆದ ‘ಈಂಂಂ’ ಇದೆಯಲ್ಲ, ಮೊದಲು ಹೋಗೋದೇ ಅಂಥದ್ದು. ಆ ಸಲ ನಿಮ್ಮಲ್ಲಿಂದ ಹಡಗಿಗೆ ವಾಪಸ್ ಹೋದಾಗ ಡಾಕ್ಟರು ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೈಗೆ ಒಂದು ಬಟನ್ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಅಂದರು. ಯಾವಾಗ ಶುರು ಮಾಡ್ತಾರೋ ಅಂತ ಕಾಯ್ತಾ ಕೂತಿದ್ದೆ. ಬಾಗಿಲು ತೆಗೆದು, ಮುಗೀತು ಅಂದರು.

ಕೆಲಸ ಹೋಯ್ತು. ಅದಕ್ಕೆ ನಾನು ಅಷ್ಟು ಕುಗ್ಗಲಿಲ್ಲ. ಅಣ್ಣನಿಗೆ ಗೊತ್ತಾಗಬಾರದು ಅನ್ನೋದೊಂದೇ ಇತ್ತು. ‘ನನ್ನ ತಮ್ಮನ ಕಿವಿ ಅಂದ್ರೆ ಕಿವಿ’ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ಅವನು. ಸ್ಕ್ರೂಡ್ರೈವರ್ ಕಿವಿಗೆ ಇಟ್ಟುಕೊಂಡು ನಾನು ಬಾನೆಟ್ ಮೇಲೆ ಬಗ್ಗಿದ್ರೆ, ಉಸಿರಾಡಬೇಡಿ ಅಂತ ನಿಮ್ಮನ್ನೆಲ್ಲ ಗದರಿಸ್ತಿದ್ದ. ಅವನ ಮುಂದೆ ‘ಏನು? ಏನಂದೆ?’ ಅಂತ ಕೇಳ್ತಾ ಹೇಗೆ ಕೂರಲಿ? ಮುಂದಿನ ವರ್ಷ ಹೋಗೋಣ, ಮುಂದಿನ ವರ್ಷ ಹೇಳೋಣ ಅಂದ್ಕೊಂಡೆ. ಅವನೇ ಹೊರಟುಹೋದ.

ಒಂದು ಮಾತ್ರ ಅರ್ಥವಾಗ್ತಿಲ್ಲ. ಸುತ್ತಾಡಿದ ದಿನ ಕೂಗ್ತಿತ್ತು ಅಂತೀರಿ. ಮಾರನೇ ಬೆಳಿಗ್ಗೆ ನೀವೆಲ್ಲ ನನ್ನನ್ನ ಸ್ಟೇಷನ್ನಿಗೆ ಬಿಡೋಕೆ ಅದೇ ಗಾಡಿಯಲ್ಲಿ ಬಂದ್ರಿ. ಇಳಿದಾಗ ಅಳಿಯಂದಿರು ನನ್ನ ಬೆನ್ನು ತಟ್ಟಿ ತಲೆದೂಗಿದ್ರು. ಅವರ ಮುಖದಲ್ಲಿ ಕುಹಕ ಇರಲಿಲ್ಲ. ಅದನ್ನ ನೋಡಿಯೇ ನಾನು ಧೈರ್ಯವಾಗಿ ರೈಲು ಹತ್ತಿದ್ದು. ಒಂದೇ ರಾತ್ರಿಯಲ್ಲಿ ಆ ಕೂಗು ಎಲ್ಲಿಗೆ ಹೋಯ್ತು?

ನಿಮ್ಮ ಮೈದುನ


ಮೇ 3

ಲೋ,

ನಿನ್ನ ಕಾಗದ ಓದ್ತಾ ಓದ್ತಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಈಗ ಗೊತ್ತಾಯ್ತು ನನಗೆ. ಅಯ್ಯೋ, ಎಂಥ ಮನುಷ್ಯನಪ್ಪ!

ನೀನು ಹೊರಡೋ ದಿನ ಬೆಳಿಗ್ಗೆ, ನೀವ್ಯಾರೂ ಎದ್ದಿರಲಿಲ್ಲ, ನಿಮ್ಮಣ್ಣ ನನ್ನ ಅಡುಗೆಮನೆಯ ಹಿಟ್ಟು ಜರಡಿ ಹಿಡಿದುಕೊಂಡು ಹಿತ್ತಲಿಂದ ಬಂದ್ರು. ಮೈಯೆಲ್ಲ ಹೊಟ್ಟು. ‘ತಿನ್ನೋ ಹಿಟ್ಟಿನ ಜರಡಿಯಲ್ಲಿ ಇದೇನು ಸೋಸಿದ್ದು, ತಲೆಗಿಲೆ ಕೆಟ್ಟಿದೆಯಾ’ ಅಂತ ಸರಿಯಾಗಿ ಬೈದೆ. ‘ನುಣ್ಣಗಿರೋದು ಸ್ವಲ್ಪ ಬೇಕಿತ್ತು ಮಾರಾಯ್ತಿ’ ಅಂದು ಕೈ ತೊಳ್ಕೊಂಡ್ರು. ಮೊಣಕೈವರೆಗೂ ಎಣ್ಣೆ. ಯಾವುದೋ ಫ್ರೇಮಿನ ಬಿರುಕಿಗೆ ಅಂಟಿನ ಜೊತೆ ಕಲಸೋಕೆ ಅಂದ್ಕೊಂಡು ನಾನು ಮರೆತೇಬಿಟ್ಟೆ.

ಆಮೇಲೆ ಎಲ್ಲರೂ ಸ್ಟೇಷನ್ನಿಗೆ ಹೊರಟ್ವಿ. ಮುದುಕಿ ತುಟಿಪಿಟಕ್ ಅನ್ನಲಿಲ್ಲ. ಅಳಿಯ ಬೆರಗಾಗಿ, ‘ಚಿಕ್ಕಮಾವ ಹೇಳಿದ್ದೇ ನಿಜ, ಸದ್ದೇ ಇಲ್ಲ! ನಿನ್ನೆ ನಾನೇ ಏನೋ ತಪ್ಪು ತಿಳ್ಕೊಂಡೆ’ ಅಂದ. ಅದಕ್ಕೇ ಕಣೋ ನಿನ್ನ ಬೆನ್ನು ತಟ್ಟಿದ್ದು.

ಅಂದ್ರೆ ಅವರಿಗೆ ಗೊತ್ತಿತ್ತು. ನಿನ್ನ ಕಿವಿ ಹೋಗಿದೆ ಅಂತ ನಿನಗಿಂತ ಮೊದಲೇ ಗೊತ್ತಾಗಿತ್ತು. ನಿನ್ನ ಮಾತು ನಾಲ್ಕು ಜನರ ಮುಂದೆ ಸುಳ್ಳಾಗಬಾರದು ಅಂತ, ಜೀವಕ್ಕಿಂತ ಹೆಚ್ಚಾಗಿ ನೋಡಿಕೊಂಡ ಗಾಡಿಯ ಹೊಟ್ಟೆಗೆ ಕೈಯಾರೆ ಹೊಟ್ಟು ತುಂಬಿದ್ದಾರೆ. ಬೇರಿಂಗ್ ಹಾಳಾಗುತ್ತೆ ಅಂತ ಅವರಿಗೆ ತಿಳೀದಾ? ನಾನು ಪ್ರತಿ ವರ್ಷ, ಎಣ್ಣೆ ಬದಲಾಯಿಸೋಲ್ವಾ ಅಂತ ಕೇಳ್ತಿದ್ದೆ. ‘ಮುಂದುಗಡೆ ಗೇರ್‌ಬಾಕ್ಸಿಂದು ಯಾವಾಗಲಾದ್ರೂ ಮಾಡ್ತೀನಿ. ಹಿಂದುಗಡೆ ಡಿಫರೆನ್ಷಿಯಲ್‌ದು ಮಾತ್ರ ತಮ್ಮ ಬಂದು ಇನ್ನೊಂದು ಸಲ ಕೂರೋವರೆಗೂ ಮುಟ್ಟೋದು ಬೇಡ’ ಅಂತಿದ್ರು. ಎಲ್ಲ ಕಡೆ ನಡೆದೇ ಹೋಗ್ತಿದ್ರು. ಗಾಡಿ ತೆಗೀತಿರಲಿಲ್ಲ. ಯಾಕೆ ಅಂದ್ರೆ, ಸವೆದುಹೋಗುತ್ತೆ ಅನ್ನೋರು.

ನಿನ್ನ ಮೇಲೂ ಸಿಟ್ಟು ಬರ್ತಿದೆ, ಅವರ ಮೇಲೂ ಸಿಟ್ಟು ಬರ್ತಿದೆ, ಅಳುನೂ ಬರ್ತಿದೆ. ನೀನು ಅವರಿಗೆ ಗೊತ್ತಾಗಬಾರದು ಅಂತ ಬರಲಿಲ್ಲ. ಅವರು, ತಮಗೆ ಗೊತ್ತಿರೋದು ನಿನಗೆ ಗೊತ್ತಾಗಬಾರದು ಅಂತ ಕರೀಲಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದ್ದಕ್ಕೆ ಸರಿಯಾಗಿದ್ದೀರಿ ಇಬ್ಬರೂ.

ನಾನು ಇನ್ನು ಕರೆಯೋಲ್ಲ. ಬರೋದು ಬಿಡೋದು ನಿನಗೆ ಬಿಟ್ಟಿದ್ದು.

ನಿನ್ನ ಅತ್ತಿಗೆ


ಮೇ 15

ಅತ್ತಿಗೆ,

ಅತ್ತುಬಿಟ್ಟೆ. ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಎಷ್ಟು ಜೋರಾಗಿ ಅತ್ತೆನೋ ನನಗೆ ಗೊತ್ತಿಲ್ಲ, ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ಅಣ್ಣನ ಮೇಲೆ ಕೋಪ ಬಂತು. ಜರಡಿ ಹಿಡಿಯೋ ಹೊತ್ತಿನಲ್ಲಿ ನನ್ನನ್ನ ಎಬ್ಬಿಸಿ, ‘ನಿನಗೆ ಕಿವಿ ಕೇಳಿಸ್ತಿಲ್ಲ ಕಣೋ’ ಅಂತ ಒಂದು ಮಾತು ಅಂದಿದ್ದರೆ? ಒಂದು ದಿನ ಮುಖ ಊದಿಸಿಕೊಂಡು ಕೂರ್ತಿದ್ದೆ, ಅಷ್ಟೇ ತಾನೇ. ಮರ್ಯಾದೆ ಉಳಿಸಿಕೊಟ್ಟ, ಪುಣ್ಯಾತ್ಮ. ಅದನ್ನ ಇಟ್ಟುಕೊಂಡು ಆರು ವರ್ಷ ನಾನೇನು ಮಾಡಿದೆ?

ಭಾನುವಾರ ಬೆಳಗಿನ ರೈಲಿಗೆ ಬರ್ತಿದ್ದೀನಿ. ಬೇರಿಂಗ್ ಹುಡುಕಿ ಇಟ್ಟುಕೊಂಡಿದ್ದೀನಿ. ಹಲ್ಲಿನ ಚಕ್ರ ಸವೆದಿದ್ದರೆ ಅಲ್ಲೇ ಬಿಚ್ಚಿ ನೋಡೋಣ. ಸ್ಟೇಷನ್ನಿಗೆ ಮುದುಕಿಯನ್ನೇ ತನ್ನಿ, ನೀವೇ ಓಡಿಸಿ. ಮಗಳು ಅಳಿಯಂದಿರನ್ನೂ ಕರೆದುಕೊಂಡು ಬನ್ನಿ, ಅವರ ಮುಂದೆಯೇ ಆಗಲಿ. ನಾನು ಮುಂದೆ ನಿಮ್ಮ ಎಡಕ್ಕೆ ಕೂರ್ತೀನಿ. ಆಗ ನನ್ನ ಬಲಗಿವಿ ನಿಮ್ಮ ಕಡೆಗೆ ಇರುತ್ತೆ.

ಟಾಪ್ ಗೇರಿಗೆ ಹಾಕಿದಾಗ ಅದು ಕೂಗಿದ್ರೆ, ಕೂಗ್ತಿದೆ ಅಂತಲೇ ಹೇಳಿ. ಬಗ್ಗಿ, ಜೋರಾಗಿ ಹೇಳಿ. ನನಗೆ ಕೇಳಿಸದಿದ್ದರೆ ಇನ್ನೊಂದು ಸಲ ಹೇಳಿ.

ನಿಮ್ಮ ಮೈದುನ